ಸರಾಸರಿಯು ತೀರ್ಪಲ್ಲ

ಬಾಳಸಂಗಾತಿಯ ಆಯ್ಕೆಯಲ್ಲಿ ಗಂಡು ಚೆಲುವನ್ನೂ ಯೌವನವನ್ನೂ ಅರಸುತ್ತಾನೆ, ಹೆಣ್ಣು ಸಂಪಾದನೆಯನ್ನು ಅರಸುತ್ತಾಳೆ. ಇದು ನಿಸರ್ಗನಿಯಮವೆಂಬ ಮಾತು ವಿಜ್ಞಾನದ ಮುದ್ರೆಯೊಡನೆ ಚಲಾವಣೆಯಲ್ಲಿದೆ. ಇದಕ್ಕೆ ಆಧಾರವಾಗಿ ಬಹಳವಾಗಿ ಉಲ್ಲೇಖಗೊಳ್ಳುವುದು ಅಮೆರಿಕದ ಮನಶ್ಶಾಸ್ತ್ರಜ್ಞ ಡೇವಿಡ್ ಬಸ್ 1989ರಲ್ಲಿ ಪ್ರಕಟಿಸಿದ ಅಧ್ಯಯನ. ಭಾರತವೂ ಸೇರಿದಂತೆ 33 ದೇಶಗಳ 37 ಗುಂಪುಗಳಿಂದ 10,047 ಮಂದಿ ಅದರಲ್ಲಿ ಪಾಲ್ಗೊಂಡಿದ್ದರು. ಆ ಅಧ್ಯಯನ ನಿಜಕ್ಕೂ ಏನು ಹೇಳುತ್ತದೆಂಬುದನ್ನು ತಾಳ್ಮೆಯಿಂದ ಪರಿಶೀಲಿಸುವುದು ಒಳಿತು.

ಬಸ್ ಅವರ ವಾದದ ಬೇರು 1972ರಲ್ಲಿ ರಾಬರ್ಟ್ ಟ್ರಿವರ್ಸ್ ಮಂಡಿಸಿದ ಸಿದ್ಧಾಂತದಲ್ಲಿದೆ. ಸಂತಾನಕ್ಕಾಗಿ ಹೆಚ್ಚು ವ್ಯಯಿಸುವ ಜೀವಿ ಸಂಗಾತಿಯ ಆಯ್ಕೆಯಲ್ಲಿ ಹೆಚ್ಚು ಎಚ್ಚರ ವಹಿಸುತ್ತದೆ ಎಂಬುದು ಅದರ ಸಾರ. ಗರ್ಭಧಾರಣೆ, ಹೆರಿಗೆ, ಸ್ತನ್ಯಪಾನಗಳ ಭಾರ ಹೊರುವ ಹೆಣ್ಣು ಆಸರೆಯಾಗಬಲ್ಲವನನ್ನು ಬಯಸುತ್ತಾಳೆ. ಗಂಡು ಸಂತಾನಶಕ್ತಿಯ ಕುರುಹುಗಳತ್ತ ಒಲಿಯುತ್ತಾನೆ. ಈ ವಾದ ಹುರುಳಿಲ್ಲದ್ದಲ್ಲ. 2020ರಲ್ಲಿ ಪ್ರಕಟವಾದ, 45 ದೇಶಗಳ 14,399 ಮಂದಿಯ ಅಧ್ಯಯನದಲ್ಲಿಯೂ ಇದೇ ಅಂತರ ಕಂಡುಬಂದಿತು. ಅಹಿತವೆನಿಸಿತೆಂದು ಅದನ್ನು ತಳ್ಳಿಹಾಕುವುದು ಪ್ರಾಮಾಣಿಕತೆಯಾಗದು.

ಆದರೆ ಅಂತರವಿದೆ ಎಂಬುದು ಒಂದು ಮಾತು, ಅದರ ಕಾರಣ ಇಂಥದ್ದೇ ಎಂಬುದು ಮತ್ತೊಂದು. 1999ರಲ್ಲಿ ಆಲಿಸ್ ಈಗ್ಲಿ ಮತ್ತು ವೆಂಡಿ ವುಡ್ ಬಸ್ ಅವರ ಅಂಕಿಅಂಶಗಳನ್ನೇ ಮರಳಿ ಪರಿಶೀಲಿಸಿ, ಸ್ತ್ರೀಪುರುಷ ಸಮಾನತೆ ಹೆಚ್ಚಿದಂತೆ ಕೆಲವು ಅಂತರಗಳು ತಗ್ಗುವುದನ್ನು ತೋರಿಸಿದರು. 2020ರ ಅಧ್ಯಯನದಲ್ಲಿ ಸಮಾನತೆಯೊಡನೆ ದೃಢವಾಗಿ ಹೊಂದಿಕೊಂಡದ್ದು ಸಂಗಾತಿಯ ವಯಸ್ಸಿನ ಅಂತರ ಮಾತ್ರ. ವಿವಾದ ಇನ್ನೂ ಬಗೆಹರಿದಿಲ್ಲ.

ಬಸ್ ಅವರ ವರದಿಯಲ್ಲಿಯೇ ಜನ ಮರೆಯುವ ಎರಡು ಸಂಗತಿಗಳಿವೆ. ದಯೆ ಮತ್ತು ಬುದ್ಧಿಯನ್ನು ಸ್ತ್ರೀಪುರುಷರಿಬ್ಬರೂ ಗಳಿಕೆಗೂ ರೂಪಕ್ಕೂ ಮೇಲಾಗಿ ಎಣಿಸಿದ್ದರು. ವಿವಾಹಪೂರ್ವ ಬ್ರಹ್ಮಚರ್ಯದ ವಿಷಯದಲ್ಲಂತೂ ಗಂಡುಹೆಣ್ಣಿನ ನಡುವಣ ಅಂತರಕ್ಕಿಂತ ನಾಡುನಾಡುಗಳ ನಡುವಣ ಅಂತರವೇ ದೊಡ್ಡದಾಗಿತ್ತು: ಭಾರತ, ಚೀನಾಗಳಲ್ಲಿ ಅದು ಅತಿ ಮುಖ್ಯ, ಸ್ವೀಡನ್, ನಾರ್ವೆಗಳಲ್ಲಿ ಬಹುಮಟ್ಟಿಗೆ ನಗಣ್ಯ. ಇಷ್ಟು ವ್ಯತ್ಯಾಸವನ್ನು ಕೇವಲ ಜೀವವಿಕಾಸದ ಖಾತೆಗೆ ಬರೆಯಲಾಗದು.

ನಮ್ಮ ದೇಶದಲ್ಲಿ ಮತ್ತೊಂದು ತೊಡಕಿದೆ. ಇಲ್ಲಿ ಅನೇಕ ವೇಳೆ ಆರಿಸುವವರು ವಧೂವರರಲ್ಲ, ಮನೆಯ ಹಿರಿಯರು. ಜಾತಿ, ಮನೆತನ, ಮೈಬಣ್ಣಗಳನ್ನು ತೂಗಿ ನೋಡುವ ಆ ಲೆಕ್ಕಾಚಾರಕ್ಕೂ, ವರದಕ್ಷಿಣೆಯ ಚೌಕಾಸಿಗೂ "ಇದು ಸಹಜ" ಎಂಬ ಸಮಜಾಯಿಷಿ ದೊರೆತರೆ ನಷ್ಟವಾಗುವುದು ಮದುವೆಯ ಹೊಸ್ತಿಲಲ್ಲಿ ನಿಂತ ಹೆಣ್ಣುಮಗಳಿಗೆ. ಸಹಸ್ರಾರು ಜನರ ಸರಾಸರಿಯು ಒಬ್ಬ ವ್ಯಕ್ತಿಯ ಹೃದಯದ ವಿಳಾಸವಲ್ಲ. ಒಂದು ಒಲವು ಹೇಗೆ ಹುಟ್ಟಿತೆಂದು ವಿಜ್ಞಾನ ತಿಳಿಸಬಲ್ಲದು. ಅದಕ್ಕೆ ಮಣಿಯಬೇಕೇ ಬೇಡವೇ ಎಂಬುದು ನಮ್ಮ ವಿವೇಕಕ್ಕೆ ಬಿಟ್ಟದ್ದು.