‘ಶುಷ್ಕಸ್ನೇಹಕ’ ಶಬ್ದದ ವಿಮರ್ಶೆ

ರೋಣ ಸೀಮೆಯ ಅಬ್ಬಿಗೇರಿಯ ಎರೆಹೊಲಗಳಲ್ಲಿ ‘ನೆಲ ಜಾರುತ್ತದೆ’ ಎಂದರೆ ಮಳೆ ಬಿದ್ದಿದೆಯೆಂದೇ ಅರ್ಥ. ಬೇಸಿಗೆಯಲ್ಲಿ ಬಿರುಕುಬಿಟ್ಟ ಅದೇ ಎರೆಯನ್ನು ಯಾರೂ ಜಾರುವ ಮಣ್ಣೆನ್ನರು. ಆಡುನುಡಿಯಲ್ಲಿರುವ ಈ ಎಚ್ಚರವು ಗ್ರಾಫೈಟನ್ನು ಕುರಿತ ಗ್ರಾಂಥಿಕ ವಾಕ್ಯಗಳಲ್ಲಿ ಕಾಣದು. ಅದು ಸ್ವಭಾವತಃ ನುಣುಪಾದುದು, ಅದರ ಪದರಗಳು ಒಂದರ ಮೇಲೊಂದು ಸರಿಯುವುದೇ ಇದಕ್ಕೆ ಕಾರಣ ಎಂದು ಹೇಳಿ, ಎಣ್ಣೆಯಿಲ್ಲದೆ ಕೀಲುಗಳನ್ನು ಸರಾಗಗೊಳಿಸುವ ಈ ದ್ರವ್ಯವನ್ನು ‘ಶುಷ್ಕಸ್ನೇಹಕ’ವೆನ್ನುವುದುಂಟು. ಲಕ್ಷಣವೇನೋ ಅಂದವಾಗಿದೆ; ಪರೀಕ್ಷೆಗೆ ನಿಲ್ಲದು.

ಎರಡನೆಯ ಮಹಾಯುದ್ಧಕಾಲದಲ್ಲಿ ಬಹಳ ಎತ್ತರದಲ್ಲಿ ಹಾರುವ ವಿಮಾನಗಳ ವಿದ್ಯುದ್ಯಂತ್ರಗಳಲ್ಲಿದ್ದ ಇಂಗಾಲದ ಬ್ರಷ್‌ಗಳು ಅತಿಶೀಘ್ರವಾಗಿ ಸವೆದು ಪುಡಿಯಾಗತೊಡಗಿದವು. ಅಲ್ಲಿಯ ವಾಯುವಿನಲ್ಲಿ ನೀರಾವಿಯು ಅತ್ಯಲ್ಪ. ಗ್ರಾಫೈಟಿನ ಮೈಗೆ ಹತ್ತಿಕೊಂಡ ನೀರಾವಿಯೇ ಮೊದಲಾದ ಬಾಷ್ಪಗಳಿಲ್ಲದೆ ಅದರ ನುಣುಪು ನಿಲ್ಲದೆಂಬುದನ್ನು ಅಮೆರಿಕದ ರಾಬರ್ಟ್ ಸ್ಯಾವೇಜ್ ಎಂಬ ವಿಜ್ಞಾನಿಯು 1948ರಲ್ಲಿ ಪ್ರಕಟಿಸಿದನು. ಹೀಗೆ ನಿಜವಾಗಿ ಶುಷ್ಕವಾದೊಡನೆ ‘ಶುಷ್ಕಸ್ನೇಹಕ’ವು ಸ್ನೇಹಕವಾಗಿ ಉಳಿಯದು!

ಸ್ನೇಹವು ಜಲಮಾತ್ರದಲ್ಲಿರುವ ಗುಣವೆಂಬ ಅನ್ನಂಭಟ್ಟನ ಮತವು ತರ್ಕಸಂಗ್ರಹವನ್ನು ಓದಿದವರಿಗೆ ಇಲ್ಲಿ ನೆನಪಾಗದಿರದು. ಆದರೆ ಪ್ರಾಚೀನರು ಇದನ್ನೆಲ್ಲ ಮೊದಲೇ ಅರಿತಿದ್ದರೆಂದು ಹಿಗ್ಗುವುದು ಸಲ್ಲದು. ಅವರು ಹೇಳಿದ ಸ್ನೇಹವು ಹಿಟ್ಟನ್ನು ಮುದ್ದೆಗಟ್ಟಿಸುವಂಥದು. ಇಲ್ಲಿಯ ನೀರಾವಿಯು ಮೈಗೆ ಮೈ ಅಂಟದಂತೆ ತಡೆಯುವಂಥದು. ಶಬ್ದವೊಂದೇ, ಕಾರ್ಯವು ವಿಪರೀತ.

1971ರಿಂದೀಚೆಗೆ ಬೆಳೆದುಬಂದ ವಜ್ರಸದೃಶ ಇಂಗಾಲಲೇಪಗಳಲ್ಲಿ ಈ ತೊಡಕು ಇನ್ನೂ ಸ್ಪಷ್ಟವಾಗುವುದು. ಜಲಜನಕವು ಹೇರಳವಾಗಿ ಸೇರಿದ ಲೇಪವು ಒಣ ಸಾರಜನಕದಲ್ಲಿ 0.01ಕ್ಕೂ ಕಡಿಮೆ ಘರ್ಷಣಗುಣಾಂಕವನ್ನು ತೋರಿಸಿ, ತೇವದ ಗಾಳಿಯಲ್ಲಿ ಅದರ ಹತ್ತಾರು ಪಟ್ಟು ಏರಬಲ್ಲುದು. ಜಲಜನಕವಿಲ್ಲದ ಲೇಪದ ನಡೆ ಇದಕ್ಕೆ ತಿರುಗುಮುರುಗು: ತೇವದಲ್ಲಿ ಸುಮಾರು 0.1ರಷ್ಟಿರುವ ಗುಣಾಂಕವು ನಿರ್ವಾತದಲ್ಲಿ 0.5ನ್ನು ಮೀರುವುದುಂಟು. ಮೈಮೇಲಿನ ಪರಮಾಣುಗಳ ಬರಿದಾದ ಬಂಧಗಳನ್ನು ಮೊದಲನೆಯದರಲ್ಲಿ ಜಲಜನಕವೇ ಮುಚ್ಚಿರುವುದು. ಎರಡನೆಯದು ಅದಕ್ಕಾಗಿ ನೀರಾವಿಯನ್ನು ಕಾದಿರುವುದು. ಶಾಖವು ತೇವವನ್ನು ಓಡಿಸುವುದರಿಂದ, ಹದವಾದ ಕಾವಿನಲ್ಲಿ ಒಂದು ಜಾರಿದರೆ ಇನ್ನೊಂದು ಬಿಗಿಯುವುದು. ಸುಮಾರು 300 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಮೊದಲನೆಯದೂ ತನ್ನ ಜಲಜನಕವನ್ನು ಕಳೆದುಕೊಂಡು ಗ್ರಾಫೈಟಿನ ಕಡೆಗೆ ತಿರುಗುವುದು.

ಆದುದರಿಂದ ಜಾರಿಕೆಯನ್ನು ಇಂಗಾಲದ ಸ್ವಭಾವವೆನ್ನುವುದು ತಪ್ಪು, ಅದು ಔಪಾಧಿಕ. ತೇವವನ್ನೂ ಕಾವನ್ನೂ ಹೇಳದೆ ಬರಿಯ ಗುಣಾಂಕವನ್ನು ಬರೆದ ವಾಕ್ಯವು ಸಾಕಾಂಕ್ಷವಾಗಿಯೇ ನಿಲ್ಲುವುದು. ಗ್ರಾಫೈಟಿಗೆ ‘ಘನಸ್ನೇಹಕ’ವೆಂಬ ಹೆಸರು ಸಾಕು. ‘ಶುಷ್ಕ’ ವಿಶೇಷಣವನ್ನು ಮಾಲಿಬ್ಡಿನಮ್ ಡೈಸಲ್ಫೈಡಿಗೆ ಮೀಸಲಿಡಬಹುದು. ನಿರ್ವಾತದಲ್ಲಿ ಅದು ಚೆನ್ನಾಗಿ ಜಾರುವುದರಿಂದಲೇ ಕೃತಕ ಉಪಗ್ರಹಗಳ ಕೀಲುಗಳಿಗೆ ಅದನ್ನು ಲೇಪಿಸುವರು. ತೇವ ತಗುಲಿದರೆ ಕೆಡುವುದು ಅದೇ.