ಮಳೆಗೆ ಸಲ್ಲದ ಕೀರ್ತಿ

ಮೆಟಲ್ ಡಿಟೆಕ್ಟರ್ ಹಿಡಿದು ಹಳೆಯ ನಾಣ್ಯ ಹುಡುಕುವ ಹವ್ಯಾಸಿಗಳಲ್ಲಿ ಒಂದು ನಂಬಿಕೆ ಗಟ್ಟಿಯಾಗಿ ಬೇರೂರಿದೆ: ಮಳೆ ಬಿದ್ದು ನೆಲ ನೆನೆದರೆ ಯಂತ್ರ ಇನ್ನೂ ನಾಲ್ಕು ಬೆರಳು ಆಳಕ್ಕೆ ನೋಡುತ್ತದೆ. ಹೊರದೇಶಗಳ ಹೊಲ, ಹುಲ್ಲುಗಾವಲುಗಳಲ್ಲಿ ಚಾಲ್ತಿಯಲ್ಲಿರುವ ಈ ಮಾತು ಯಂತ್ರದ ಜೊತೆಗೇ ನಮ್ಮಲ್ಲಿಗೂ ಬಂದಿದೆ. ಪುಣೆಯ ಕೋಥರೂಡದಂಥ ನೆಲದಲ್ಲಿ ಅದು ಎಷ್ಟು ನಿಲ್ಲುತ್ತದೆ? ನನ್ನ ಲೆಕ್ಕದಲ್ಲಿ ಅರ್ಧವೂ ಇಲ್ಲ. ನಿಲ್ಲುವಷ್ಟರಲ್ಲೂ ದೊಡ್ಡ ಪಾಲು ಯಂತ್ರದ್ದಲ್ಲ, ಸಲಿಕೆಯದು.

ಮೊದಲು ನೆಲ ನೋಡೋಣ. ಕರ್ವೆ ರಸ್ತೆ, ಪೌಡ ರಸ್ತೆಗಳ ಎರಡೂ ಬದಿ ಈಗ ಅಪಾರ್ಟ್‌ಮೆಂಟುಗಳೇ. ಮಣ್ಣು ಕಣ್ಣಿಗೆ ಬೀಳಬೇಕಾದರೆ ಮ್ಹಾತೋಬಾ ಟೇಕಡಿ ಎಂಬ ಗುಡ್ಡ ಹತ್ತಬೇಕು. ಮೇಲೆ ತೆಳು ಮಣ್ಣು, ಅದರಡಿ ಗರಸು (ಅಲ್ಲಿಯವರ ಬಾಯಲ್ಲಿ ಮುರುಮ), ಇನ್ನೂ ಕೆಳಗೆ ಸುಮಾರು 6.6 ಕೋಟಿ ವರ್ಷ ಹಿಂದಿನ ಲಾವಾ ಆರಿ ಗಟ್ಟಿಯಾದ ಬಸಾಲ್ಟ್ ಕಲ್ಲು. ಇದೇ ಕಲ್ಲು ಸವೆದು ತಗ್ಗಿನಲ್ಲಿ ಕೂತರೆ ಎರೆಮಣ್ಣು. ಗದಗ, ವಿಜಯಪುರದ ಕಡೆಯವರಿಗೆ ಇದರ ಗುಣ ಹೇಳಿಕೊಡಬೇಕಿಲ್ಲ: ಬೇಸಿಗೆಯಲ್ಲಿ ಕಾಲು ಸಿಕ್ಕಿಕೊಳ್ಳುವಂಥ ಬಿರುಕು, ಮಳೆಗಾಲದಲ್ಲಿ ಚಪ್ಪಲಿ ಕಿತ್ತುಕೊಳ್ಳುವ ಜಿಗುಟು.

ಡಿಟೆಕ್ಟರ್ ಮಾಡುವುದಿಷ್ಟೆ. ಒಂದು ತಂತಿಸುರುಳಿ ನೆಲದೊಳಕ್ಕೆ ಕಾಂತಕ್ಷೇತ್ರ ಕಳಿಸುತ್ತದೆ. ನಾಣ್ಯದಲ್ಲಿ ಸುಳಿವಿದ್ಯುತ್ ಹುಟ್ಟುತ್ತದೆ. ಅದರ ಮರುದನಿಯನ್ನು ಇನ್ನೊಂದು ಸುರುಳಿ ಹಿಡಿಯುತ್ತದೆ. ನೀರು ಇದಕ್ಕೆ ಏನು ಮಾಡೀತು? ನೆನೆದ ಜೇಡಿಗೆ ವಿದ್ಯುತ್ ವಾಹಕತೆ ಹೆಚ್ಚು, ನಿಜ. ಆದರೆ 10 ಕಿಲೋಹರ್ಟ್ಸ್‌ನಲ್ಲಿ ಕೆಲಸ ಮಾಡುವ ಯಂತ್ರದ ಕ್ಷೇತ್ರ ಅಂಥ ಹಸಿ ಮಣ್ಣಿನಲ್ಲಿ ಮೂರನೇ ಒಂದು ಪಾಲಿಗೆ ಕುಗ್ಗಲು ಸುಮಾರು 16 ಮೀಟರ್ ಇಳಿಯಬೇಕು. ನಾಣ್ಯವಿರುವುದು ಗೇಣು ಆಳದಲ್ಲಿ. ತಾಮ್ರದ ವಾಹಕತೆ ಆ ಮಣ್ಣಿನದಕ್ಕಿಂತ ಐವತ್ತು ಕೋಟಿ ಪಟ್ಟಿಗೂ ಮಿಗಿಲು. ಅಂದಮೇಲೆ ಊರ ಮಳೆಯ ನೀರು ಈ ಯಂತ್ರಕ್ಕೆ ಅಡ್ಡಿಯೂ ಅಲ್ಲ, ಏಣಿಯೂ ಅಲ್ಲ. ಸಮುದ್ರದ ದಂಡೆಯ ಉಪ್ಪು ನೀರಿನ ಕಥೆ ಬೇರೆ. ಅಲ್ಲಿ ನೆಲವೇ ಕೂಗಾಡುತ್ತದೆ. ನೆಲದೊಳಗೆ ರೇಡಿಯೋ ಅಲೆ ಕಳಿಸುವ ಜಿಪಿಆರ್ ಯಂತ್ರವೂ ಹಸಿ ಜೇಡಿಯಲ್ಲಿ ಬೇಗ ಕುರುಡಾಗುತ್ತದೆ. ಹವ್ಯಾಸಿಗಳ ಮಾತಿನಲ್ಲಿ ಈ ಮೂರೂ ಕಲಸುಮೇಲೋಗರ ಆಗಿರುವುದೇ ಗೊಂದಲದ ಮೂಲ ಎಂದು ನನ್ನ ಗುಮಾನಿ.

ಕೋಥರೂಡದಲ್ಲಿ ಡಿಟೆಕ್ಟರಿಗೆ ನಿಜವಾದ ಎದುರಾಳಿ ಬಸಾಲ್ಟಿನೊಳಗಿನ ಕಬ್ಬಿಣ. ಟೇಕಡಿಯಿಂದ ಮಳೆನೀರು ಹರಿದ ಕೊರಕಲಲ್ಲಿ ಕೂತ ಮರಳಿಗೆ ಕಾಗದ ಸುತ್ತಿದ ಆಯಸ್ಕಾಂತ ಹಿಡಿಯಿರಿ. ಕಪ್ಪು ಪುಡಿ ಮೀಸೆಯಂತೆ ಸೆಟೆದು ನಿಲ್ಲುತ್ತದೆ. ಟೈಟಾನಿಯಂ ಬೆರೆತ ಮ್ಯಾಗ್ನೆಟೈಟ್ ಅದು. ಸುರುಳಿಯ ಅಡಿ ಇದರ ಸದ್ದು ಎಷ್ಟೋ ಸಲ ನಾಣ್ಯದ ಸದ್ದಿಗಿಂತ ಜೋರು, ಮತ್ತು ಮಳೆ ಬಂದರೂ ಹೋದರೂ ಅದು ಬದಲಾಗುವುದಿಲ್ಲ. ನೂರಾರು ವರ್ಷ ನೆನೆದು ಒಣಗಿದ ಮಣ್ಣಿನಲ್ಲಿ ಸೂಕ್ಷ್ಮವಾದ ಕಾಂತೀಯ ಕಣಗಳು ಹುಟ್ಟುತ್ತವೆ ಎಂಬುದುಂಟು. ಆದರೆ ಅದು ನಿನ್ನೆಯ ಮಳೆಯ ಕೆಲಸವಲ್ಲ. ಸುರುಳಿಯನ್ನು ನೆಲದ ಮೇಲೆ ಎತ್ತಿ ಇಳಿಸಿ ‘ಗ್ರೌಂಡ್ ಬ್ಯಾಲೆನ್ಸ್’, ಅಂದರೆ ಯಂತ್ರವನ್ನು ಆ ನೆಲಕ್ಕೆ ಹೊಂದಿಸುವ ಕೆಲಸ, ಮಾಡಿಕೊಳ್ಳದವನಿಗೆ ಇಲ್ಲಿ ಜೂನ್ ಆದರೇನು, ಏಪ್ರಿಲ್ ಆದರೇನು! ಎರೆಯಿಂದ ಗರಸಿಗೆ ಕಾಲಿಟ್ಟ ಕೂಡಲೇ ಅದನ್ನು ಮತ್ತೆ ಮಾಡಬೇಕು.

ಹಾಗಾದರೆ ಮಳೆಯ ನಂತರ ನಿಜವಾಗಿ ಸುಧಾರಿಸುವುದೇನು? ಬಿರುಕು ಮುಚ್ಚುತ್ತದೆ. ಕಾಂತೀಯ ಮಣ್ಣಿಗೆ ಹೊಂದಿಸಿಟ್ಟ ಯಂತ್ರ ಬಿರುಕಿನ ಮೇಲೆ ಬಂದಾಗ, ಅಲ್ಲಿ ಮಣ್ಣಿಲ್ಲದ್ದನ್ನೇ ಸಂಕೇತ ಎಂದು ಕೂಗಬಹುದು. ಉಬ್ಬಿದ ಎರೆಯಲ್ಲಿ ಆ ಕಾಟ ಕಡಿಮೆ. ಆದರೆ ಅದೇ ಮಳೆ ಟೇಕಡಿಯ ಮೇಲೆ ಮೊಣಕಾಲುದ್ದ ಹುಲ್ಲು ಬೆಳೆಸುತ್ತದೆ. ಸಣ್ಣ ನಾಣ್ಯದ ಸಂಕೇತ, ಸುರುಳಿಯ ಅಗಲಕ್ಕಿಂತ ಆಚೆ, ದೂರದ ಆರನೇ ಘಾತದಂತೆ ಬೀಳುತ್ತದೆ. 15 ಸೆಂಟಿಮೀಟರ್ ಇದ್ದದ್ದು ಹುಲ್ಲಿನಿಂದಾಗಿ 17.5 ಆದರೆ, ಆ ಲೆಕ್ಕದಲ್ಲಿ, ಸಂಕೇತ ಅರ್ಧಕ್ಕೂ ಕಡಿಮೆ. ಮಳೆ ಕೊಟ್ಟದ್ದನ್ನು ಹುಲ್ಲು ಬಡ್ಡಿಸಮೇತ ವಾಪಸು ಪಡೆಯುತ್ತದೆ.

ನಂಬಿಕೆಯ ಪರವಾಗಿ ಇನ್ನೊಂದು ವಾದವಿದೆ: ನಾಣ್ಯ ಕಿಲುಬಿ ಅದರ ಲವಣ ಸುತ್ತಲ ಹಸಿ ಮಣ್ಣಿಗೆ ಹರಡಿ, ನಾಣ್ಯವೇ ದೊಡ್ಡದಾದಂತೆ ತೋರುತ್ತದಂತೆ. ಶಿವರಾಯಿಯಂಥ ತಾಮ್ರದ ದುಡ್ಡಿನ ಮಟ್ಟಿಗೆ ಬೇಕಾದರೆ ಚರ್ಚೆಗೆ ತೆಗೆದುಕೊಳ್ಳಬಹುದು. ಚಿನ್ನ ಕಿಲುಬುವುದೇ ಇಲ್ಲ. ಇಂದಿನ 1, 2 ರೂಪಾಯಿ ನಾಣ್ಯಗಳು ಆಯಸ್ಕಾಂತಕ್ಕೆ ಅಂಟುವ ಸ್ಟೇನ್‌ಲೆಸ್ ಸ್ಟೀಲಿನವು. ಕಬ್ಬಿಣ ಬೇಡ ಎಂದು ಗುಂಡಿ ಒತ್ತಿದ ಯಂತ್ರ ಅವನ್ನು ಮೊಳೆಯ ಸಾಲಿಗೆ ಸೇರಿಸಿ ಸುಮ್ಮನಾಗುವ ಸಂಭವವೇ ಹೆಚ್ಚು. ಈ ಎರಡಕ್ಕೂ ತೇವ ಏನನ್ನೂ ಮಾಡದು.

ಉಳಿದದ್ದು ಸಲಿಕೆ. ಒಣ ಎರೆ ಕಲ್ಲಿಗೆ ಸಮ. ಕೊಚ್ಚಿದರೆ ನಾಣ್ಯಕ್ಕೆ ಗಾಯ. ತೊಪ್ಪೆಯಾದ ಎರೆಯಲ್ಲಿ ನಾಣ್ಯ ಹೆಂಟೆಯೊಳಗೆ ಅಂಟಿ ಮಾಯ. ರೈತರು ಹದ ಎನ್ನುವ ಸ್ಥಿತಿ, ಹೆಂಟೆ ಹಿಡಿದರೆ ನಿಲ್ಲಬೇಕು, ಒತ್ತಿದರೆ ಒಡೆಯಬೇಕು, ಅದೇ ಅಗೆಯಲು ತಕ್ಕ ಕಾಲ. ತೇವದ ಅಸಲಿ ಉಪಕಾರ ಇದೊಂದೇ, ಮತ್ತು ಇದು ಸಣ್ಣದಲ್ಲ.

ಇಷ್ಟಾಗಿ, ಈಚೆಗೆ ಪುಣೆಯ ಸುತ್ತ ಸುದ್ದಿಯಾದ ದೊಡ್ಡ ನಿಧಿ ಡಿಟೆಕ್ಟರಿಗೆ ಸಿಕ್ಕಿದ್ದಲ್ಲ. 2021ರ ಮಾರ್ಚಿನಲ್ಲಿ ಪಿಂಪ್ರಿ-ಚಿಂಚವಡ ಪೊಲೀಸರು ವಶಪಡಿಸಿಕೊಂಡ ಮೊಗಲ್ ಕಾಲದ 216 ಚಿನ್ನದ ನಾಣ್ಯಗಳು ಚಿಖಲಿಯ ಕಡೆ ಕಟ್ಟಡದ ಅಗೆತದಲ್ಲಿ ಸಿಕ್ಕಿದ್ದವು. ಸಿಕ್ಕವರು ತಿಳಿಸದೆ ಮನೆಯಲ್ಲಿಟ್ಟುಕೊಂಡಿದ್ದರಿಂದಲೇ ಪೊಲೀಸರು ಬಂದದ್ದು. 1878ರ ನಿಧಿ ಕಾಯ್ದೆ ಇಂದಿಗೂ ಜಾರಿಯಲ್ಲಿದೆ: ಹತ್ತು ರೂಪಾಯಿ ಮೀರಿದ ನಿಧಿ ಸಿಕ್ಕವರು ಜಿಲ್ಲಾಧಿಕಾರಿಗೆ ಬರಹದಲ್ಲಿ ತಿಳಿಸಬೇಕು. ಶನಿವಾರವಾಡಾ, ಪಾತಾಳೇಶ್ವರದಂಥ ಸಂರಕ್ಷಿತ ಜಾಗಗಳಲ್ಲಂತೂ ಪರವಾನಗಿ ಇಲ್ಲದೆ ಅಗೆಯುವಂತೆಯೇ ಇಲ್ಲ. ಮುಂದಿನ ಮಳೆಗೆ ಯಂತ್ರ ಹೊರತೆಗೆಯುವವರು ಮೊದಲು ಜಾಗದ ಒಡೆಯರ ಒಪ್ಪಿಗೆ ಪಡೆಯಲಿ. ಆಮೇಲೆ ಮೋಡ ನೋಡಲಿ.