ಮತ್ತೆ ಎದ್ದು ಬರುವ ಸಿಪಾಯಿ

ವಿಡಿಯೊ ಗೇಮಿನಲ್ಲಿ ಸತ್ತವನು ಮತ್ತೆ ಎದ್ದು ಬರುತ್ತಾನೆ. ಕೆಲವು ಸೆಕೆಂಡು ಕಾದರೆ ಸಾಕು, ಅದೇ ಬಂದೂಕು, ಅದೇ ಬಯಲು, ಇನ್ನೊಂದು ಅವಕಾಶ. ಸ್ಮಾರಕದ ಮಾತು ಬೇರೆ. ಅಲ್ಲಿ ಹೋದವನು ಹೋದ, ಕಲ್ಲಿನ ಮೇಲೆ ಕೆತ್ತಿದ ಹೆಸರಷ್ಟೇ ಉಳಿದವರ ಪಾಲಿಗೆ. 2014ರಿಂದ 2018ರವರೆಗೆ ಯುರೋಪು ಮೊದಲ ಮಹಾಯುದ್ಧದ ನೂರನೆಯ ವರ್ಷವನ್ನು ಸ್ಮರಿಸಿಕೊಂಡಾಗ ಈ ಎರಡೂ ಒಂದೇ ಸೂರಿನಡಿ ಬಾಳಬೇಕಾದ ಪ್ರಸಂಗ ಬಂತು. ಆ ಹೊಂದಿಕೆ ಎಷ್ಟರಮಟ್ಟಿಗೆ ಕೂಡಿಬಂತು ಎಂದು ತೂಗಿ ನೋಡುವಷ್ಟು ಕಾಲ ಈಗ ಕಳೆದಿದೆ.

ಈ ಸ್ಮರಣೆಯ ವರ್ಷಗಳ ಆಟಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಸದ್ದು ಮಾಡಿದ್ದು ಸ್ವೀಡನ್ನಿನ ಡೈಸ್ ಸಂಸ್ಥೆ 2016ರ ಅಕ್ಟೋಬರಿನಲ್ಲಿ ತಂದ ‘ಬ್ಯಾಟಲ್‌ಫೀಲ್ಡ್ 1’. ಅದರ ಆರಂಭ ಅಮೆರಿಕದ ಕಪ್ಪು ಸೈನಿಕರ ‘ಹಾರ್ಲೆಮ್ ಹೆಲ್‌ಫೈಟರ್ಸ್’ ಪಡೆಯೊಂದಿಗೆ. ನೀವು ಎಷ್ಟೇ ಚುರುಕಾಗಿ ಗುಂಡು ಹಾರಿಸಿ, ಬದುಕಿ ಉಳಿಯಲಾರಿರಿ. ಬಿದ್ದ ಕೂಡಲೇ ಪರದೆಯ ಮೇಲೆ ಒಬ್ಬನ ಹೆಸರು, ಹುಟ್ಟಿದ ವರ್ಷ, ಸತ್ತ ವರ್ಷ. ಆಮೇಲೆ ನೀವು ಇನ್ನೊಬ್ಬ ಸೈನಿಕನ ಮೈಯೊಳಗಿರುತ್ತೀರಿ. ಅವನೂ ಸಾಯುತ್ತಾನೆ, ಇನ್ನೊಂದು ಹೆಸರು ಬರುತ್ತದೆ. ವೀರಗಲ್ಲುಗಳ ನಡುವೆ ಬೆಳೆದ ಕಣ್ಣಿಗೆ ಇದರ ಬಿರುಸು ಇನ್ನಷ್ಟು ತಟ್ಟುತ್ತದೆ. ನಮ್ಮ ಕಲ್ಲುಗಳಲ್ಲಿ ಕೆಳಗೆ ಕಾದಾಟ, ನಡುವೆ ವೀರನನ್ನು ಹೊತ್ತೊಯ್ಯುವ ಅಪ್ಸರೆಯರು, ಮೇಲೆ ಶಿವನ ಸನ್ನಿಧಿ. ಸತ್ತವನಿಗೆ ಸೋಲೆಂಬುದೇ ಇಲ್ಲ. ಇಲ್ಲಿರುವುದು ಕೆಳಗಿನ ಪಟ್ಟಿಕೆ ಮಾತ್ರ. ಮೇಲೆ ಏನೂ ಇಲ್ಲ.

ಆ ಧೈರ್ಯ ಮುನ್ನುಡಿಗಷ್ಟೇ ಮೀಸಲು. ಮುಂದಿನ ಕತೆಗಳಲ್ಲಿ ಉಕ್ಕಿನ ಕವಚ ತೊಟ್ಟು ಬೆಟ್ಟದ ಮೇಲೆ ಡಜನ್ನುಗಟ್ಟಲೆ ಜನರನ್ನು ಉರುಳಿಸುವ ಇಟಲಿಯವನಿದ್ದಾನೆ, ಮರಳುಗಾಡಿನಲ್ಲಿ ಫಿರಂಗಿ ಹೊತ್ತ ರೈಲನ್ನು ಎದುರಿಸಿ ನಿಲ್ಲುವ ಬೆದೊಯಿನ್ ಹೆಂಗಸಿದ್ದಾಳೆ. ಬಹುಪಾಲು ಸಿಪಾಯಿಗಳು ಒಂದೊಂದೇ ಗುಂಡು ಹಾರಿಸುವ ರೈಫಲ್ ಹಿಡಿದು ಕಾದಿದ ಯುದ್ಧಕ್ಕೆ ಇಲ್ಲಿ ಸರಸರನೆ ಗುಂಡು ಕಾರುವ ಬಂದೂಕುಗಳ ಸಂತೆಯೇ ನೆರೆದಿದೆ. ಇನ್ನು ಫ್ರೆಂಚ್ ಸೇನೆ? ಮೊದಲು ಬಂದ ಆಟದಲ್ಲಿ ಅದು ಇರಲೇ ಇಲ್ಲ. 2017ರ ಮಾರ್ಚಿನಲ್ಲಿ, ಬೇರೆ ದುಡ್ಡು ಕೊಟ್ಟು ಕೊಳ್ಳಬೇಕಾದ ಹೆಚ್ಚುವರಿ ಕಂತಾಗಿ ಬಂತು. ಪಶ್ಚಿಮ ರಣರಂಗದ ಬಹುಭಾಗ ಯಾರ ಹೊಲಗದ್ದೆಗಳಲ್ಲಿ ನಡೆಯಿತೋ ಅವರ ಸೈನಿಕನೇ ಅಂಗಡಿಯಲ್ಲಿ ಪ್ರತ್ಯೇಕ ಸಾಮಾನಾದ. ಆಟ ಬಿಡುಗಡೆಯಾದ ದಿನಗಳಲ್ಲಿ ಅದರ ಟ್ವಿಟರ್ ಖಾತೆ ಬೆಂಕಿ ಉಗುಳುವ ದೃಶ್ಯಗಳಿಗೆ ಚಟಾಕಿ ಅಂಟಿಸಿ ಹಾಕಿತು, ಬೈಸಿಕೊಂಡಿತು, ಅಳಿಸಿತು. ಮುನ್ನುಡಿ ಬರೆದ ಕೈ ಬೇರೆ, ಮಾರಾಟಕ್ಕಿಟ್ಟ ಕೈ ಬೇರೆ ಎಂದು ಸಮಾಧಾನ ಮಾಡಿಕೊಳ್ಳಬಹುದು. ಕೊಂಡವನ ಕೈಗೆ ಬಂದದ್ದು ಎರಡೂ ಸೇರಿದ ಪೊಟ್ಟಣ.

ನನ್ನ ವಾದ ಇಷ್ಟು: ಆಟಗಾರನ ಕೈಯಿಂದ ಏನನ್ನಾದರೂ ಕಸಿದುಕೊಂಡಾಗ ಮಾತ್ರ ಯುದ್ಧದ ಆಟ ಸ್ಮರಣೆಯ ಕೆಲಸಕ್ಕೆ ಬರುತ್ತದೆ. ಗೆಲುವನ್ನಾಗಲಿ, ಬಂದೂಕನ್ನಾಗಲಿ, ಮತ್ತೆ ಏಳುವ ಸೌಲಭ್ಯವನ್ನಾಗಲಿ. ಕೆಸರಿನ ಹೊಳಪು, ಸಮವಸ್ತ್ರದ ಗುಂಡಿಗಳ ನಿಖರತೆ ಇವೆಲ್ಲ ಆಮೇಲಿನ ಮಾತು.

ಈ ಯುದ್ಧದ ಆಟಗಳು ಯುದ್ಧಕ್ಕಿಂತ ಮೊದಲೇ ಹುಟ್ಟಿದವು ಎನ್ನಬೇಕು. ಎಚ್.ಜಿ. ವೆಲ್ಸ್ 1913ರಲ್ಲಿ ‘ಲಿಟಲ್ ವಾರ್ಸ್’ ಎಂಬ ಪುಸ್ತಕ ಬರೆದು ಗೊಂಬೆ ಸೈನಿಕರನ್ನು ನೆಲದ ಮೇಲೆ ಜೋಡಿಸಿ ಕಾಳಗ ಆಡುವ ನಿಯಮಗಳನ್ನು ಕೊಟ್ಟ. ನಿಜವಾದ ಯುದ್ಧಕ್ಕಿಂತ ಇದೇ ಲೇಸು ಎನ್ನುವುದು ಅವನ ನಿಲುವು. ಮುಂದಿನ ಬೇಸಿಗೆಗೆ ನಿಜವಾದದ್ದೇ ಬಂತು. 1916ರ ಆಗಸ್ಟಿನಲ್ಲಿ, ಕದನ ಇನ್ನೂ ಮುಗಿಯುವ ಮೊದಲೇ, ‘ದ ಬ್ಯಾಟಲ್ ಆಫ್ ದ ಸೊಮ್’ ಚಿತ್ರ ಬ್ರಿಟನ್ನಿನಲ್ಲಿ ತೆರೆಕಂಡು ಆರು ವಾರಗಳಲ್ಲಿ ಸುಮಾರು 2 ಕೋಟಿ ಟಿಕೆಟ್ ಮಾರಿತು. ಸೈನಿಕರು ಕಂದಕದಿಂದ ಮೇಲೇರಿ ಹೊರಟು ಉರುಳಿ ಬೀಳುವ ಅದರ ಅತಿ ಪ್ರಸಿದ್ಧ ದೃಶ್ಯವನ್ನು ಚಿತ್ರಿಸಿದ್ದು ರಣರಂಗದ ಹಿಂದಿದ್ದ ತರಬೇತಿ ಮೈದಾನದಲ್ಲಿ. ಬಿದ್ದವರು ಕ್ಯಾಮೆರಾ ನಿಂತ ಮೇಲೆ ಎದ್ದು ಧೂಳು ಕೊಡವಿಕೊಂಡಿರಬೇಕು. ಮತ್ತೆ ಎದ್ದು ಬರುವ ಸಿಪಾಯಿ ಗೇಮು ಕಂಡುಹಿಡಿದವನೇನಲ್ಲ.

ಕಂಪ್ಯೂಟರ್ ಆಟಗಳು ಬಹುಕಾಲ ಕಂದಕದ ಕಡೆ ತಲೆ ಹಾಕಲಿಲ್ಲ. 1990ರ ‘ವಿಂಗ್ಸ್’, ‘ರೆಡ್ ಬ್ಯಾರನ್’ ಎರಡೂ ಆಕಾಶಕ್ಕೆ ಹಾರಿದವು. ಮೇಲೆ ಒಬ್ಬನಿಗೊಬ್ಬ ಎದುರಾಗುವ ಕಾಳಗ, ಹೊಡೆದುರುಳಿಸಿದ ವಿಮಾನಗಳ ಲೆಕ್ಕ, ಹೆಸರು, ಪದಕ; ಕೆಳಗೆ ಕೆಸರು, ಹೇನು, ಎಲ್ಲಿಂದಲೋ ಬಂದು ಬೀಳುವ ಫಿರಂಗಿ ಗುಂಡು. ಕೌಶಲಕ್ಕೆ ಕೂಲಿ ಸಿಗದ ಜಾಗದಲ್ಲಿ ಆಟ ಕಟ್ಟುವುದು ಕಷ್ಟ. 1999ರ ‘ಮೆಡಲ್ ಆಫ್ ಆನರ್’ ಬಳಿಕ ಗುಂಡು ಹಾರಿಸುವ ಆಟಗಳು ಸಾಲುಗಟ್ಟಿ ಎರಡನೆಯ ಮಹಾಯುದ್ಧಕ್ಕೆ ನುಗ್ಗಿದ್ದೂ ಇಂಥದ್ದೇ ಕಾರಣಕ್ಕೆ. ಅಲ್ಲಿ ವೈರಿ ಯಾರೆಂಬ ಅನುಮಾನವಿಲ್ಲ, ಗೆದ್ದರೆ ನಾಚಿಕೆಯಿಲ್ಲ.

ಕಂದಕಕ್ಕೆ ಇಳಿದು ಅಲ್ಲೇ ಕೂತದ್ದು ನೆದರ್ಲೆಂಡ್ಸಿನ ಪುಟ್ಟ ತಂಡಗಳು ಕೂಡಿ 2015ರಲ್ಲಿ ಹೊರತಂದ ‘ವೆರ್ಡನ್’. ನೋಡಲು ಬಡಕಲು. ಆದರೆ ಅದರ ನಿಯಮಗಳು ಮಾತಾಡುತ್ತವೆ. ಒಂದು ಗುಂಡು ತಗುಲಿದರೆ ಬಹುಮಟ್ಟಿಗೆ ಕತೆ ಮುಗಿಯಿತು. ಒಂದು ಪಕ್ಷ ಮುನ್ನುಗ್ಗಬೇಕು, ಹೊತ್ತು ಮೀರಿದರೆ ತನ್ನ ಕಂದಕಕ್ಕೆ ಮರಳಬೇಕು. ಮರಳದೆ ಒಬ್ಬನೇ ಸಾಹಸಕ್ಕೆ ಹೊರಟವನನ್ನು ಆಟವೇ ಆಜ್ಞೆ ಮೀರಿದವನೆಂದು ಕೊಲ್ಲುತ್ತದೆ. ಅಷ್ಟು ಹೊತ್ತು ಬಡಿದಾಡಿ, ಹೊರಟಿದ್ದ ಕಂದಕದಲ್ಲೇ ಮತ್ತೆ ಕೂತಿರುವುದು ಇಲ್ಲಿ ಮಾಮೂಲು. ಆ ಯುದ್ಧ ವರ್ಷಗಟ್ಟಲೆ ಯಾಕೆ ನಿಂತಲ್ಲೇ ನಿಂತಿತ್ತು ಎನ್ನುವುದು ಹತ್ತು ಪುಟದ ವಿವರಣೆಗಿಂತ ಬೇಗ ಮೈಗೆ ಹತ್ತುತ್ತದೆ.

ಈ ಪರಂಪರೆಯ ಮುಖ್ಯ ಕೃತಿ ಮಾತ್ರ ‘ವೇಲಿಯಂಟ್ ಹಾರ್ಟ್ಸ್’. 2014ರ ಜೂನಿನಲ್ಲಿ ಯೂಬಿಸಾಫ್ಟ್‌ನ ಮೋಪೆಲಿಯೆ ಸ್ಟುಡಿಯೊದಿಂದ ಬಂತು. ವ್ಯಂಗ್ಯಚಿತ್ರ ಪುಸ್ತಕದಂಥ ಚಿತ್ರಗಳು, ಬಂದೂಕು ಇಲ್ಲವೆನ್ನುವಷ್ಟು ಅಪರೂಪ. ಎಮೀಲ್ ಎಂಬ ವಯಸ್ಸಾದ ಫ್ರೆಂಚ್ ರೈತ, ಯುದ್ಧ ಸಾರಿದೊಡನೆ ಫ್ರಾನ್ಸಿನಿಂದ ಹೊರದೂಡಿಸಿಕೊಂಡು ಜರ್ಮನ್ ಸೇನೆ ಸೇರಬೇಕಾಗಿ ಬಂದ ಅವನ ಅಳಿಯ ಕಾರ್ಲ್, ಬೆಲ್ಜಿಯಮ್ಮಿನ ದಾದಿ ಆನಾ, ಅಮೆರಿಕದ ಫ್ರೆಡಿ, ಇವರೆಲ್ಲರ ನಡುವೆ ಓಡಾಡುವ ಒಂದು ನಾಯಿ. ಆಟಗಾರ ಮಾಡುವುದು ಸುರಂಗ ಅಗೆಯುವುದು, ಗಾಯ ಕಟ್ಟುವುದು, ಗುಂಡಿನ ಮಳೆಯಲ್ಲಿ ಅವಿತು ನಡೆಯುವುದು, ಒಗಟು ಬಿಡಿಸುವುದು. ‘ಅಪೊಕ್ಯಾಲಿಪ್ಸ್’ ಎಂಬ ಫ್ರೆಂಚ್ ಸಾಕ್ಷ್ಯಚಿತ್ರ ತಂಡದ ನೆರವಿನಿಂದ ಅಲ್ಲಲ್ಲಿ ಹಳೆಯ ಫೋಟೊ, ಚುಟುಕು ಟಿಪ್ಪಣಿಗಳಿವೆ. ಇವನ್ನು ಓದದೆ ದಾಟಿಹೋಗುವವರೇ ಹೆಚ್ಚಿರಬಹುದು. ದಾಟಿದರೆ ನಷ್ಟ ಅವರದು.

ಇದರ ದೌರ್ಬಲ್ಯಗಳು ಚಿಕ್ಕವಲ್ಲ. ಜೆಪೆಲಿನ್ ಏರಿ ಬರುವ ದುಷ್ಟ ಬ್ಯಾರನ್ ಒಬ್ಬನನ್ನು ತಂದು ನಿಲ್ಲಿಸಿ, ಯಾರೂ ಖಳನಾಯಕರಲ್ಲದ ಯುದ್ಧಕ್ಕೆ ಕಂಪನಿ ನಾಟಕದ ಖಳನನ್ನು ಅಂಟಿಸಿದ್ದಾರೆ. ಮಾರ್ನ್ ಕದನಕ್ಕೆ ಸೈನಿಕರನ್ನು ಹೊತ್ತೊಯ್ದ ಟ್ಯಾಕ್ಸಿಗಳ ಓಟಕ್ಕೆ ಬ್ರಾಮ್ಸ್‌ನ ಸಂಗೀತದ ತಾಳ ಕೂಡಿಸಿದ್ದು ತಮಾಷೆಯಾಗಿದೆ, ಅಷ್ಟೇ. ಆದರೆ ಕೊನೆಯ ಭಾಗ ಇವೆಲ್ಲವನ್ನೂ ಹಿಂದೆ ಹಾಕುತ್ತದೆ. 1917ರ ಏಪ್ರಿಲ್, ನಿವೆಲ್ ದಂಡನಾಯಕನ ದಾಳಿ. ಎದುರಿನ ಮಷಿನ್ ಗನ್ನಿಗೆ ಮತ್ತೆ ಮತ್ತೆ ಜನರನ್ನು ಅಟ್ಟುತ್ತಿರುವ ಅಧಿಕಾರಿಯನ್ನು ಎಮೀಲ್ ಸಲಿಕೆಯಿಂದ ಹೊಡೆಯುತ್ತಾನೆ, ಅಧಿಕಾರಿ ಸಾಯುತ್ತಾನೆ. ಸೈನಿಕ ನ್ಯಾಯಾಲಯ, ಮರಣದಂಡನೆ. ಕಂಬದವರೆಗೆ ಎಮೀಲ್‌ನನ್ನು ನಡೆಸಬೇಕಾದವರು ನೀವೇ. ಗುಂಡಿ ಒತ್ತಿದರೆ ಮುಂದೆ, ಬಿಟ್ಟರೆ ನಿಲ್ಲುತ್ತಾನೆ; ಬೇರೆ ದಾರಿಯಿಲ್ಲ, ಒಗಟಿಲ್ಲ. ರನ್ನನ ದುರ್ಯೋಧನ ಸಂಜಯನೊಡನೆ ದ್ರೋಣ, ಕರ್ಣ, ದುಶ್ಶಾಸನರ ಹೆಣಗಳನ್ನು ಹಾದು ನಡೆಯುವ ಭಾಗ ಓದಿದವರಿಗೆ ಇಂಥ ನಡಿಗೆಯ ಬಲ ಗೊತ್ತು: ಗದೆ ಹಿಡಿದ ಕೈಗೆ ಕೆಲಸವಿಲ್ಲ, ಇರುವುದೆಲ್ಲ ಕಾಲಿಗೆ. ಫ್ರೆಂಚ್ ಸೇನೆ ತನ್ನವರನ್ನೇ ಗುಂಡಿಟ್ಟು ಕೊಂದದ್ದನ್ನು ಹೇಳಿದ ಕುಬ್ರಿಕ್‌ನ ‘ಪಾತ್ಸ್ ಆಫ್ ಗ್ಲೋರಿ’ ಬಂದದ್ದು 1957ರಲ್ಲಿ, ಫ್ರಾನ್ಸಿನ ಚಿತ್ರಮಂದಿರ ಕಂಡದ್ದು 1975ರಲ್ಲಿ. ಅದೇ ಗಾಯವನ್ನು ಫ್ರೆಂಚ್ ಸ್ಟುಡಿಯೊವೊಂದು ಹದಿಹರೆಯದವರ ಕೈಗೆ ಆಟವಾಗಿ ಕೊಟ್ಟಿತು ಎನ್ನುವುದು ಆ ಸಮಾಜ ನಡೆದು ಬಂದ ದೂರವನ್ನೂ ಹೇಳುತ್ತದೆ.

ಫ್ರಾನ್ಸಿನಿಂದಲೇ ಬಂದ ‘ದ ಗ್ರಿಜ಼ಲ್ಡ್’ ಎಂಬ ಇಸ್ಪೀಟಿನಂಥ ಎಲೆಗಳ ಆಟದಲ್ಲಂತೂ ಶತ್ರುವೇ ಇಲ್ಲ. ಮಳೆ, ಹಿಮ, ವಿಷಾನಿಲ, ಭಯಗಳ ಎಲೆಗಳು ಬೀಳುತ್ತವೆ; ಗೆಳೆಯರೆಲ್ಲ ಕೂಡಿ ಜೀವ ಉಳಿಸಿಕೊಂಡರೆ ಅದೇ ಗೆಲುವು. ಅದಕ್ಕೆ ಚಿತ್ರ ಬರೆದ ತಿಞೂಸ್ 2015ರ ಜನವರಿ 7ರಂದು ‘ಶಾರ್ಲಿ ಎಬ್ದೊ’ ಪತ್ರಿಕೆಯ ಕಚೇರಿಯ ಮೇಲಿನ ದಾಳಿಯಲ್ಲಿ ಕೊಲೆಯಾದ. 2018ರ ‘11-11: ಮೆಮೊರೀಸ್ ರಿಟೋಲ್ಡ್’ ಬಂದೂಕಿನ ಬದಲು ಕ್ಯಾಮೆರಾ ಕೊಟ್ಟಿತು. ಉದ್ದೇಶ ಒಳ್ಳೆಯದು. ಆದರೆ ಇಡೀ ಪರದೆಯನ್ನು ಕುಂಚದ ಬಣ್ಣದಲ್ಲಿ ಅದ್ದಿದ್ದರಿಂದ ಕಂದಕವೂ ಗ್ಯಾಲರಿಯ ಗೋಡೆಗೆ ಒಪ್ಪುವ ಚಿತ್ರವಾಯಿತು.

ಚೆಲುವಿನ ಈ ತೊಡಕು ಗೇಮಿಗಷ್ಟೇ ಸೇರಿದ್ದಲ್ಲ. 2014ರಲ್ಲಿ ಲಂಡನ್ ಟವರಿನ ಕಂದಕದಲ್ಲಿ ನೆಟ್ಟ 8,88,246 ಪಿಂಗಾಣಿ ಪಾಪಿ ಹೂಗಳನ್ನು ನೋಡಲು ಲಕ್ಷಗಟ್ಟಲೆ ಜನ ಬಂದರು. ಒಂದೊಂದು ಹೂವೂ ಬ್ರಿಟನ್ ಅಥವಾ ಅದರ ವಸಾಹತುಗಳ ಒಬ್ಬ ಸತ್ತ ಸೈನಿಕನಿಗೆ. ಜರ್ಮನ್ನರಿಗೆ, ಫ್ರೆಂಚರಿಗೆ, ರಷ್ಯನ್ನರಿಗೆ ಹೂವಿಲ್ಲವೇ ಎಂದು ‘ಗಾರ್ಡಿಯನ್’ ಪತ್ರಿಕೆಯ ಜೋನಥನ್ ಜೋನ್ಸ್ ಕೇಳಿ ಬಾಯಿಗೆ ಬಂದಂತೆ ಬೈಸಿಕೊಂಡ. ಕೇಳಿದ್ದು ಸರಿಯಾಗಿಯೇ ಇತ್ತು. ಪೀಟರ್ ಜಾಕ್ಸನ್‌ನ ‘ದೇ ಶಾಲ್ ನಾಟ್ ಗ್ರೋ ಓಲ್ಡ್’ (2018) ಹಳೆಯ ಕುಂಟು ಚಲನೆಯ ಚಿತ್ರಗಳಿಗೆ ಬಣ್ಣ, ವೇಗ, ಸದ್ದು ತುಂಬಿತು. ತುಟಿಯ ಚಲನೆ ಓದಬಲ್ಲವರಿಂದ ಮಾತನ್ನೂ ಹೊರಡಿಸಿದರು. ಸತ್ತವರು ಎದ್ದು ನಮ್ಮತ್ತ ನಗುತ್ತಾರೆ, ನೋಡುಗ ಬೆರಗಾಗುತ್ತಾನೆ. ಆ ಬೆರಗು ಗೇಮು ಕೊಡುವ ಬೆರಗಿಗೆ ತೀರ ಹತ್ತಿರದ್ದು, ನನಗೆ ಅದರ ಮೇಲೆ ಪೂರ್ತಿ ನಂಬಿಕೆಯಿಲ್ಲ.

ಇವೆಲ್ಲಕ್ಕಿಂತ ದೊಡ್ಡದು ಕಲಾವಿದ ಜೆರೆಮಿ ಡೆಲರ್ 2016ರ ಜುಲೈ 1ರಂದು ಮಾಡಿದ್ದು. ಸೊಮ್ ಕದನದ ಮೊದಲ ದಿನಕ್ಕೆ ಅಂದು ನೂರು ವರ್ಷ. ಆ ಒಂದೇ ದಿನ ಬ್ರಿಟಿಷ್ ಸೇನೆಯ 19,240 ಮಂದಿ ಸತ್ತಿದ್ದರು. ಮುಂಚೆ ಯಾರಿಗೂ ಹೇಳದೆ, ಅಂದಿನ ಸಮವಸ್ತ್ರ ತೊಟ್ಟ ನೂರಾರು ಸ್ವಯಂಸೇವಕರು ಬ್ರಿಟನ್ನಿನ ರೈಲು ನಿಲ್ದಾಣ, ಅಂಗಡಿ ಬೀದಿಗಳಲ್ಲಿ ಕಾಣಿಸಿಕೊಂಡರು. ಮಾತಿಲ್ಲ. ಹತ್ತಿರ ಹೋದವರ ಕೈಗೆ ಒಂದು ಚೀಟಿ: ಅಂದು ಸತ್ತ ಒಬ್ಬನ ಹೆಸರು, ಅವನ ದಳ. ‘ಬ್ಯಾಟಲ್‌ಫೀಲ್ಡ್’ ಮುನ್ನುಡಿಯ ಅದೇ ಸಾಧನ, ಆದರೆ ಆಮೇಲೆ ಗುಂಡು ಹಾರಿಸುವ ಸುತ್ತು ಇಲ್ಲ. ಎರಡು ವರ್ಷ ಕಳೆದು, ಯುದ್ಧ ನಿಂತು ನೂರು ವರ್ಷವಾದ ದಿನ, ಆ ಗೇಮಿನ ಕೆಲವು ಆಟಗಾರರು ತಾವಾಗಿಯೇ ಬಂದೂಕು ಇಳಿಸಿ ನಿಲ್ಲಲು ಯತ್ನಿಸಿದರು. ಎಲ್ಲರೂ ನಿಲ್ಲಲಿಲ್ಲ, ಕೆಲವರು ಹೊಡೆಯುತ್ತಲೇ ಇದ್ದರು. ತಯಾರಕರು ಬರೆಯದೆ ಬಿಟ್ಟ ನಿಯಮವನ್ನು ಆಡುವವರು ಸೇರಿಸಲು ಹೊರಟದ್ದು ನನಗೆ ಆ ಆಟದ ಯಾವ ಕತೆಗಿಂತಲೂ ಹೆಚ್ಚಿನದಾಗಿ ಕಾಣುತ್ತದೆ.

ಇಷ್ಟೆಲ್ಲದರ ಕಣ್ಣೂ ಹೆಚ್ಚಾಗಿ ನೆಟ್ಟದ್ದು ಫ್ಲಾಂಡರ್ಸಿನಿಂದ ವೆರ್ಡನ್‌ವರೆಗಿನ ಕೆಸರಿನ ಪಟ್ಟಿಯ ಮೇಲೆ. ಭಾರತದಿಂದ 10 ಲಕ್ಷಕ್ಕೂ ಹೆಚ್ಚು ಮಂದಿ ಕಡಲು ದಾಟಿದರು, 70 ಸಾವಿರಕ್ಕೂ ಹೆಚ್ಚು ಮಂದಿ ಸತ್ತರು. ಅವರಲ್ಲಿ ಬಹಳಷ್ಟು ಮಂದಿ ಮೆಸಪೊಟೇಮಿಯಾಕ್ಕೆ ಹೋದವರು. ಅವರ ಬಗ್ಗೆ ಬಂದ ಅತ್ಯುತ್ತಮ ಕೃತಿ ಫಿಲಿಪ್ ಶೆಫ್ನರ್‌ನ ‘ದ ಹಾಫ್‌ಮೂನ್ ಫೈಲ್ಸ್’ (2007). ಬರ್ಲಿನ್ ಬಳಿಯ ಸೆರೆ ಶಿಬಿರದಲ್ಲಿ ಜರ್ಮನ್ ವಿದ್ವಾಂಸರು ತಟ್ಟೆಗಳ ಮೇಲೆ ಹಿಡಿದಿಟ್ಟ ಭಾರತೀಯ ಸಿಪಾಯಿಗಳ ದನಿಯನ್ನು ಅದು ಕೇಳಿಸುತ್ತದೆ. ಇದಕ್ಕೆ ಹೋಲಿಸಿದರೆ ಸ್ಯಾಮ್ ಮೆಂಡಿಸ್‌ನ ‘1917’ ಚಿತ್ರದ ಒಂಟಿ ಸಿಖ್ ಸೈನಿಕ ಬರೇ ಮುಖ ತೋರಿಸುವ ಉಪಚಾರ. ಅವನಿರುವುದೇ ಅಸಂಗತ ಎಂದು ಕೂಗಾಡಿದ ನಟನೊಬ್ಬನಿಗೆ ಚರಿತ್ರೆ ಗೊತ್ತಿರಲಿಲ್ಲ, ನಿಜ. ಆದರೆ ಭಾರತದ ಪದಾತಿ ದಳಗಳು 1915ರ ಕೊನೆಗೇ ಫ್ರಾನ್ಸ್ ಬಿಟ್ಟಿದ್ದವು, ಅಶ್ವದಳಗಳು ಮಾತ್ರ ಉಳಿದಿದ್ದವು. ಅವನೊಬ್ಬನನ್ನೇ ಬ್ರಿಟಿಷರ ಲಾರಿಯಲ್ಲಿ ಕೂರಿಸಿದ ಚಿತ್ರವೂ ಅದನ್ನು ವಿಚಾರಿಸಿದಂತೆ ಕಾಣುವುದಿಲ್ಲ.

ಕುದುರೆ ಎಂದರೆ ಕನ್ನಡಿಗರಿಗೆ ನೆನಪಾಗಬೇಕಾದದ್ದು ಮೈಸೂರು ಲ್ಯಾನ್ಸರ್ಸ್. 1918ರ ಸೆಪ್ಟೆಂಬರ್ 23ರಂದು ಜೋಧಪುರದ ಸವಾರರೊಡನೆ ಅವರು ತುರ್ಕರ ಕೈಯಲ್ಲಿದ್ದ ಹೈಫಾ ಪಟ್ಟಣವನ್ನು ಹಿಡಿದರು. ಬೆಂಗಳೂರಿನ ಜೆ.ಸಿ. ನಗರದಲ್ಲಿ ಅವರ ಸ್ಮಾರಕವಿದೆ. ದೆಹಲಿಯ ತೀನ್ ಮೂರ್ತಿಯ ಮೂರು ವಿಗ್ರಹಗಳಲ್ಲಿ ಒಂದು ಮೈಸೂರಿನದು. 2018ರಲ್ಲಿ ಆ ಚೌಕದ ಹೆಸರಿಗೆ ಹೈಫಾವನ್ನೂ ಸೇರಿಸಿದರು. ಹೈಫಾ ಗೇಮಿಗೆ ಹೇಳಿ ಮಾಡಿಸಿದಂತಿದೆ: ಭರ್ಜಿ, ಬೆಟ್ಟದ ಮೇಲೆ ಫಿರಂಗಿ, ಇಳಿಜಾರಿನಲ್ಲಿ ಏರಿಹೋಗುವ ಕುದುರೆ, ಒಂದೇ ದಿನದಲ್ಲಿ ಗೆಲುವು. ಆದರೆ ಅದೇ ಸವಾರರು ಅಕ್ಟೋಬರ್ 26ರಂದು ಅಲೆಪ್ಪೊ ಆಚೆಯ ಹರಿತಾನ್‌ನಲ್ಲಿ, ಎದುರಿಗೆ ಎಷ್ಟು ಮಂದಿ ಇದ್ದಾರೆಂದು ಸರಿಯಾಗಿ ತಿಳಿಯದೆ, ಮತ್ತೆ ಭರ್ಜಿ ಹಿಡಿದು ನುಗ್ಗಿದರು. ಈ ಸಲ ತುರ್ಕರು ಕದಲಲಿಲ್ಲ. ಸತ್ತವರು, ಗಾಯಗೊಂಡವರು ಸೇರಿ ಸುಮಾರು 80 ಮಂದಿ. ನಾಲ್ಕು ದಿನಕ್ಕೆ ತುರ್ಕಿಯೊಡನೆ ಕದನವಿರಾಮಕ್ಕೆ ಸಹಿ ಬಿತ್ತು. ಹರಿತಾನ್ ಹೆಸರಿನ ಚೌಕ ನಮ್ಮಲ್ಲಿಲ್ಲ.

ನನಗೆ ಆಡಬೇಕೆನಿಸುವುದು ಹರಿತಾನ್. ಅಥವಾ ಮೆಸಪೊಟೇಮಿಯಾದಲ್ಲಿ 1915–16ರ ಕುತ್ ಮುತ್ತಿಗೆ, ಕುದುರೆ ಮಾಂಸ ತಿನ್ನಬಹುದೇ ಎಂದು ಹಸಿದ ಸಿಪಾಯಿಗಳು ಧರ್ಮಸಂಕಟಕ್ಕೆ ಸಿಕ್ಕ ಜಾಗ. ಇಂಥದ್ದನ್ನು ಆಟವಾಗಿ ಕಟ್ಟುವ ವಿದ್ಯೆ ಹೊಸದೇನಲ್ಲ. ಪೋಲೆಂಡಿನ ‘ದಿಸ್ ವಾರ್ ಆಫ್ ಮೈನ್’ 2014ರಲ್ಲೇ ಮುತ್ತಿಗೆಗೆ ಸಿಕ್ಕ ನಾಗರಿಕರ ಹಸಿವು, ಚಳಿ, ಕಳ್ಳತನಗಳ ಮೇಲೆ ಇಡೀ ಆಟ ನಿಲ್ಲಿಸಿ ತೋರಿಸಿದೆ. ಕೊರತೆ ಇರುವುದು ಹಣ ಹಾಕುವವರದು. ಬ್ರಿಟನ್ನಿನಲ್ಲಿ ಡೆಲರ್‌ಗೂ ಜಾಕ್ಸನ್‌ಗೂ ಕೆಲಸ ಕೊಟ್ಟದ್ದು ಸಾರ್ವಜನಿಕ ಹಣ ಪಡೆದ ‘14-18 ನೌ’ ಎಂಬ ಕಾರ್ಯಕ್ರಮ. ನಮ್ಮಲ್ಲಿ ಯುದ್ಧಸ್ಮರಣೆಯ ಗೇಮು ಎಂದು ಸದ್ದು ಮಾಡಿದ್ದು 2021ರ ಜನವರಿ 26ರಂದು ಬಂದ ‘ಫೌಜಿ’, ಗಾಲ್ವಾನ್ ಘರ್ಷಣೆಯ ಬಿಸಿ ಆರುವ ಮೊದಲೇ ಕಟ್ಟಿದ ಹೊಡೆದಾಟ. ಅದರಲ್ಲಿ ಯೋಚಿಸಲು ಏನೂ ಇರಲಿಲ್ಲ. ಹೀಗೇ ಮಾರುಕಟ್ಟೆಗೆ ಬಿಟ್ಟರೆ ಅದು ಹೈಫಾವನ್ನೇ ಆರಿಸುತ್ತದೆ, ಕುದುರೆಗೂ ಭರ್ಜಿಗೂ ಬಗೆಬಗೆಯ ಬಣ್ಣ ಬಳಿದು ಒಂದೊಂದಕ್ಕೂ ಬೇರೆ ಬೆಲೆ ಹಚ್ಚುತ್ತದೆ.